ಋಣ ಒಂದು

ಇಪ್ಪತ್ತೆರಡು ವರ್ಷ ನಾನು ಕಡಲ ಆಳ ಬರೆದವಳು.
ಲಿಯೆಪಾಯಾ ಬಂದರಿನ ಕಚೇರಿ, ಎರಡನೇ ಮಹಡಿ,
ಬಾಲ್ಟಿಕ್ ಗಾಳಿ ಹಗಲಿಡೀ ಕಿಟಕಿಗೆ ಭುಜ ಕೊಟ್ಟು ನಿಲ್ಲುವ ಕೋಣೆ.
"ಉತ್ತರದ ತಡೆಗೋಡೆಯಿಂದ ಮುನ್ನೂರು ಮೀಟರು, ಮರಳುದಿಬ್ಬ,
ಆಳ ನಾಲ್ಕೂವರೆ, ಬಿರುಗಾಳಿಯ ಮರುದಿನ ಇನ್ನೂ ಕಡಿಮೆ."
ಇಷ್ಟೇ. ಒಂದು ಪದ ಹೆಚ್ಚಾದರೆ
ನಾವಿಕ ಓದುವುದಿಲ್ಲ,
ಒಂದು ಪದ ಕಡಿಮೆಯಾದರೆ
ಮರಳೇ ಅವನಿಗೆ ಓದಿ ಹೇಳುತ್ತದೆ.

ನಿವೃತ್ತಿಯಾದ ಮೇಲೆ ಈ ಎಡಿಟರ್ ಸಿಕ್ಕಿತು.
ಊರೂರಿನ ಜನ ಪುಗಸಟ್ಟೆ ದುಡಿದು ಕಟ್ಟಿದ್ದು,
ಬರೆಯಲಿಕ್ಕೆ, ತಿದ್ದಲಿಕ್ಕೆ, ಹುಡುಕಲಿಕ್ಕೆ.
ಅದರ ಹೊಟ್ಟೆಯೊಳಗೆ ಐನೂರು ಚಿಲ್ಲರೆ ಫಂಕ್ಷನ್‌ಗಳು,
ಒಂದೊಂದರ ತಲೆಯ ಮೇಲೂ ಒಂದೊಂದು ಟಿಪ್ಪಣಿ.
ಕೆಲವು ಅವಸರದವು, ಮದುವೆಗೆ ಹೊರಟವನು
ಬಾಗಿಲಿಗೆ ಚೀಟಿ ಅಂಟಿಸಿ ಹೋದ ಹಾಗೆ.
ಒಂದರಲ್ಲಿ "ಮೇಲೆ ಹೇಳಿದಂತೆ" ಎಂದಿದೆ;
ಮೇಲೆ ಏನೂ ಹೇಳಿಲ್ಲ.

ನಾನು ಕೋಡ್ ಬರೆಯುವವಳಲ್ಲ. ಓದುತ್ತೇನೆ,
ಓಡಿಸಿ ನೋಡುತ್ತೇನೆ, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ
ಇಳಿಬಿಟ್ಟಂತೆ: ಖಾಲಿ ಪಟ್ಟಿ ಕೊಟ್ಟರೆ? ಸೊನ್ನೆ ಕೊಟ್ಟರೆ?
ತಳ ತಾಗಿದ್ದು ಕೈಗೆ ತಿಳಿದ ಮೇಲೆ ಒಂದು ಸಾಲು.

ಹೋದ ಮಾರ್ಚಿನಲ್ಲಿ ರೈವಿಸ್ ಬಂದ,
ಹೊಗೆಯಾಡಿಸಿದ ಕಾಡ್ ಮೀನು ಪೇಪರಿನಲ್ಲಿ ಸುತ್ತಿಕೊಂಡು,
ಮುಖವನ್ನೂ ಅದೇ ಪೇಪರಿನಲ್ಲಿ ಸುತ್ತಿ ತಂದವನಂತೆ.
ಬಂದರಿನ ರಾತ್ರಿಪಾಳಿಯ ಹುಡುಗ,
ಕಟ್ಟೆಗೆ ಬರುವ ಹಡಗುಗಳ ಪಟ್ಟಿ ಅವನ ಕೈಯಲ್ಲಿ.
"ಸ್ತಾರ್ಕಿಸ್" ಬರುವುದಿಲ್ಲ ಎಂದು ಫೋನು ಬಂತಂತೆ.
ಹುಡುಕು, ಸಿಕ್ಕ ಜಾಗದಿಂದ ಅಳಿಸು. ಎರಡೇ ಹೆಜ್ಜೆ.
ಹಗಲುಪಾಳಿಯವರು ಆ ಹೆಸರು ಮೊದಲೇ ತೆಗೆದಿದ್ದರು.
ಅಳಿದದ್ದು ಪಟ್ಟಿಯ ಕೊನೆಯ ಹೆಸರು, "ಗುಲ್ಬಿಸ್".
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಹನ್ನೊಂದು ತಾಸು ಗುಲ್ಬಿಸ್ ಹೊರಗಡಲಲ್ಲಿ ಲಂಗರು ಹಾಕಿ ನಿಂತಿತ್ತು,
ದೀಪ ಹೊತ್ತಿಸಿಕೊಂಡು, ಯಾರೂ ಕರೆಯದೆ.

ಮೀನು ತಿನ್ನುತ್ತ ಇಬ್ಬರೂ ಮೂಲ ತೆರೆದೆವು.
ಹುಡುಕುವ ಫಂಕ್ಷನ್, ಸಿಗದಿದ್ದರೆ, ಋಣ ಒಂದು ಅನ್ನುತ್ತದೆ.
ಅಳಿಸುವ ಫಂಕ್ಷನ್‌ಗೆ ಋಣ ಒಂದು ಅಂದರೆ
ಹಿಂದಿನಿಂದ ಎಣಿಸು, ಮೊದಲು ಸಿಕ್ಕವನು.
ಒಬ್ಬರ ಬಾಯಲ್ಲಿ ಅದು "ಇಲ್ಲ",
ಇನ್ನೊಬ್ಬರ ಕಿವಿಯಲ್ಲಿ "ಕೊನೆಯವನು".
ಎರಡೂ ಸರಿ. ನಡುವೆ ನಾಲ್ಕೂವರೆ ಮೀಟರಿನ ಮರಳು,
ನಕ್ಷೆಯಲ್ಲಿ ಗುರುತಿಲ್ಲ.

ಬರೆದೆ: "ಸಿಗದಿದ್ದರೆ ಋಣ ಒಂದು. ಎಚ್ಚರ: ಇದನ್ನು ಹಾಗೇ
ಅಳಿಸುವ ಫಂಕ್ಷನ್‌ಗೆ ಕೊಟ್ಟರೆ ಕೊನೆಯದು ಅಳಿಯುತ್ತದೆ. ಮೊದಲು ಪರೀಕ್ಷಿಸಿ."
ಲಿಸ್ಬನ್ನಿನ ಅನ್ಸೆಲ್ಮು ಒಪ್ಪಬೇಕು. ಅವನ ಉತ್ತರ:
"ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ?"
ಗೊತ್ತಿರುವವರಿಗೆಲ್ಲ ಗೊತ್ತು, ಎಂದೆ.
ಒಂಬತ್ತು ದಿನ ಸುಮ್ಮನಿದ್ದ.
ಹತ್ತನೆಯ ದಿನ "ಎಚ್ಚರ" ಕಿತ್ತು "ಗಮನಿಸಿ" ಹಾಕಿ,
ಒಂದು ಕಾಮಾ ಸೇರಿಸಿ, ಒಪ್ಪಿಕೊಂಡ.
ಕಾಮಾ ಅವನದೇ ಸರಿ.
"ಎಚ್ಚರ"ದ ಬಗ್ಗೆ ನನಗೆ ಇನ್ನೂ ಬೇಸರವಿದೆ.

ಮೇ ತಿಂಗಳಲ್ಲಿ ಗುಲ್ಬಿಸ್ ಮತ್ತೆ ಬಂತು, ಮರದ ದಿಮ್ಮಿ ಒಯ್ಯಲು.
ಟ್ರಾಮ್ ಇಳಿದು ತಡೆಗೋಡೆಯವರೆಗೂ ನಡೆದೆ.
ನಾನು ಅಂದುಕೊಂಡಿದ್ದಕ್ಕಿಂತ ಪುಟ್ಟ ಹಡಗು,
ಹೆಸರಿನ ಕೊನೆಯ ಅಕ್ಷರವನ್ನು ಆಗಲೇ ತುಕ್ಕು ತಿನ್ನುತ್ತಿತ್ತು.
ಮೇಲೆ ಹಗ್ಗ ಸುತ್ತುತ್ತಿದ್ದವನೊಬ್ಬ ನನ್ನತ್ತ ಕೈಯೆತ್ತಿದ,
ದಡದಲ್ಲಿ ಯಾರಿದ್ದರೂ ಎತ್ತುವ ಹಾಗೆ.
ನಾನೂ ಎತ್ತಿದೆ.
ಹನ್ನೊಂದು ತಾಸಿನ ಲೆಕ್ಕ ಅವನಿಗೆ ಹೇಳಲಿಲ್ಲ.

ಮನೆಗೆ ಬಂದು ಮುಂದಿನ ಫಂಕ್ಷನ್ ತೆರೆದೆ:
ಸಾಲನ್ನು ಪದಗಳಾಗಿ ಕತ್ತರಿಸುವುದು.
ಖಾಲಿ ಸಾಲು ಕೊಟ್ಟರೆ ಏನಾಗುತ್ತದೆಂದು
ಯಾರೂ ಬರೆದಿಲ್ಲ.